ಹಳಿ ಕಮಲಾಪುರಕ್ಕೆ, ವೇಳಾಪಟ್ಟಿ ಯಾರಿಗೆ?

ಅಹ್ಮದ್ ಷಾ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದು ಆರು ಶತಮಾನವಾಗುತ್ತ ಬಂತು. ಆ ಎರಡು ಊರುಗಳ ನಡುವೆ ನೇರ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಅಲ್ಲಿಯತನಕ ಕಲಬುರಗಿಯವರು ರೈಲಿನಲ್ಲೇ ಬೀದರ್ ಮುಟ್ಟುತ್ತೇನೆಂದು ಹಟ ಹಿಡಿದರೆ ವಾಡಿ, ತಾಂಡೂರು, ವಿಕಾರಾಬಾದ್ ಸುತ್ತಿ ಹೋಗಬೇಕಿತ್ತು. ಹಾಗೆ ಹಟ ಹಿಡಿದವರು ಕಡಿಮೆ. ಉಳಿದವರೆಲ್ಲ ಹುಮನಾಬಾದ್ ರಸ್ತೆಯ ಬಸ್ಸೇ ಹತ್ತುತ್ತಿದ್ದರು. ಆ ರಸ್ತೆಯ ಮೇಲಿನ ಊರು ಕಮಲಾಪುರ. ಹೊಸ ಹಳಿಗೂ ಆ ಊರು ಸಿಕ್ಕಿತು.

ಸುಮಾರು 110 ಕಿಲೋಮೀಟರಿನ ಈ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಗೆ. ಆಗಿನ ಅಂದಾಜು ಸುಮಾರು 370 ಕೋಟಿ ರೂಪಾಯಿ, ಮುಗಿಯುವಾಗ ಖರ್ಚು 1,542 ಕೋಟಿ. ಮರಗುತ್ತಿ ಬಳಿಯ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಸುರಂಗ ಮಾಡಬೇಕಾಯಿತು, ಅದೇ ಬಹಳ ದಿನ ತಿಂದಿತು. ತಡವಾದದ್ದರ ಬಗ್ಗೆ ರಾಜಕೀಯದವರು ಒಬ್ಬರನ್ನೊಬ್ಬರು ಬೈದುಕೊಂಡದ್ದು ಸಾಕಷ್ಟಿದೆ, ಅದು ಇಲ್ಲಿ ಬೇಡ. ನನ್ನ ತಕರಾರು ಬೇರೆ. ಈ ಮಾರ್ಗವನ್ನು ನಾವು ಇವತ್ತಿಗೂ ಅಳೆಯುತ್ತಿರುವುದು ಕಿಲೋಮೀಟರು ಮತ್ತು ಕೋಟಿಗಳಲ್ಲಿ. ಕಮಲಾಪುರದ ಮನುಷ್ಯ ಬೆಳಗ್ಗೆ ಹೊರಟು ಕೆಲಸ ಮುಗಿಸಿ ಸಂಜೆ ಮನೆ ಸೇರಬಲ್ಲನೇ ಎಂಬ ಅಳತೆಯನ್ನು ಯಾರೂ ಹಿಡಿಯುತ್ತಿಲ್ಲ.

ಉದ್ಘಾಟನೆಯ ಹೊತ್ತಿಗೆ ದೊಡ್ಡ ಧ್ವನಿಯಲ್ಲಿ ಹೇಳಿದ ಲಾಭವೊಂದಿತ್ತು: ಬೆಂಗಳೂರಿಗೂ ದೆಹಲಿಗೂ ನಡುವಿನ ದೂರ ಸುಮಾರು 380 ಕಿಲೋಮೀಟರು ಕಡಿಮೆಯಾಗುತ್ತದೆ ಎಂದು. ನಕಾಶೆಯ ಮೇಲೆ ಗೆರೆ ಎಳೆದರೆ ಲೆಕ್ಕ ಕೂಡಬಹುದು. ಆದರೆ ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿಗೆ ಬಂದ ಮೇಲೆ ಬೀದರ್ ಕಡೆ ಹೊರಳುವುದಿಲ್ಲ, ಸೊಲ್ಲಾಪುರದ ಹಳೆ ದಾರಿಯನ್ನೇ ಹಿಡಿಯುತ್ತದೆ. ದೆಹಲಿಯ ಹೆಸರಲ್ಲಿ ಕೊಂಡಾಡಿಸಿಕೊಂಡ ಮಾರ್ಗದಲ್ಲಿ ದಿನನಿತ್ಯದ ಆಸರೆಯಾಗಿ ಉಳಿದದ್ದು ಡೆಮು ಎಂಬ ಡೀಸೆಲ್ ಪ್ಯಾಸೆಂಜರ್ ಗಾಡಿ. ಅದರ ಜೊತೆ ಓಡುವವು ಬೆರಳಲ್ಲಿ ಎಣಿಸುವಷ್ಟು.

ಇಲ್ಲಿ ರೈಲಿನ ಪರವಾಗಿ ಮಾತನಾಡುವವರು ಒಂದು ಸತ್ಯ ಒಪ್ಪಿಕೊಳ್ಳಬೇಕು. ಕಮಲಾಪುರದಿಂದ ಕಲಬುರಗಿ ನಲವತ್ತು ಕಿಲೋಮೀಟರಿನ ಒಳಗೇ ಇದೆ. ಇಷ್ಟು ದೂರಕ್ಕೆ ಬಸ್ಸನ್ನು ಸೋಲಿಸುವುದು ರೈಲಿಗೆ ಸುಲಭವಲ್ಲ. ಬಸ್ಸು ಊರ ನಡುವೆ ನಿಲ್ಲುತ್ತದೆ, ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ, ಎರಡೂ ಇಲ್ಲದಿದ್ದರೆ ಕ್ರೂಸರ್ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡೇ ಇಲ್ಲ. ಡೆಮುವಿನ ಟಿಕೆಟ್ ಎಷ್ಟೇ ಅಗ್ಗವಾದರೂ ಪುಕ್ಕಟೆಗಿಂತ ಅಗ್ಗವಾಗಲಾರದು. ಹೀಗಿರುವಾಗ ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ ಹೋಗುವ ಮಂದಿಯೆಲ್ಲ ರೈಲಿಗೆ ಬಂದುಬಿಡುತ್ತಾರೆಂದು ನಂಬಿ ಕೂತರೆ ನಿಲ್ದಾಣ ಖಾಲಿಯೇ.

ಹಾಗಾದರೆ ಕಮಲಾಪುರಕ್ಕೆ ರೈಲು ಏತಕ್ಕೆ? ಮುಂಬೈ, ಪುಣೆ, ಬೆಂಗಳೂರಿಗೆ. ಈ ಭಾಗದ ತಾಂಡಾಗಳಿಂದ, ಹಳ್ಳಿಗಳಿಂದ ಗುಳೆ ಹೋಗುವ ಕುಟುಂಬಗಳು ಗಂಟುಮೂಟೆ, ಮಕ್ಕಳು, ಪಾತ್ರೆಪಗಡೆಗಳೊಂದಿಗೆ ಕಲಬುರಗಿ ಸ್ಟೇಷನ್ನಿಗೆ ಬಂದು ಮುಂಬೈ–ಚೆನ್ನೈ ಮುಖ್ಯ ಹಳಿಯ ಗಾಡಿ ಕಾಯುತ್ತವೆ. 1871ರಲ್ಲಿ ಎರಡೂ ಕಡೆಯಿಂದ ಬಂದು ರಾಯಚೂರಿನಲ್ಲಿ ಕೂಡಿಕೊಂಡ ಆ ಹಳಿ ಕಲಬುರಗಿಯನ್ನು ದೇಶಕ್ಕೆ ಜೋಡಿಸಿತ್ತು. ಹೊಸ ಮಾರ್ಗ ಕಮಲಾಪುರವನ್ನು ಆ ಹಳಿಗೆ ಜೋಡಿಸಬೇಕಿತ್ತು. ಜೋಡಣೆ ಎಂದರೆ ಕಬ್ಬಿಣಕ್ಕೆ ಕಬ್ಬಿಣ ಕೂಡುವುದಷ್ಟೇ ಆದರೆ ಆಗಿದೆ. ಕಮಲಾಪುರದಲ್ಲಿ ಹತ್ತಿದವರು ಕಲಬುರಗಿಯಲ್ಲಿ ಇಳಿದು ಹೆಚ್ಚು ಕಾಯದೆ ಮುಂಬೈ ಗಾಡಿಯನ್ನೋ ಬೆಂಗಳೂರು ಗಾಡಿಯನ್ನೋ ಹಿಡಿಯುವಂತಾದರೆ ಮಾತ್ರ ಅದು ಊರಿನ ರೈಲು. ಗಂಟು ಹೊತ್ತು, ಬಸ್ ನಿಲ್ದಾಣದಲ್ಲಿ ಇಳಿದು, ಟಂಟಂ ಹಿಡಿದು ಸ್ಟೇಷನ್ ಸೇರುವ ತಾಪತ್ರಯ ತಪ್ಪಿಸುವುದರಲ್ಲಿ ಬಸ್ಸಿಗಿಂತ ರೈಲಿಗೆ ಖಂಡಿತ ಮೇಲುಗೈ ಇದೆ.

ಬಾಳೆಯ ಮಾತೂ ಇದೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಉಳಿದ ಬಾಳೆಗಿಂತ ಹೆಚ್ಚು ತಿಂಗಳು ಕಾಯಿಸುವ, ದುಬಾರಿ ಬೆಲೆಯ ಹಣ್ಣು ಅದು. ಬೆಳೆಯುವ ಜಾಗ ಚಿಕ್ಕದು. ಇದಕ್ಕಾಗಿ ಗೂಡ್ಸ್ ಗಾಡಿಯೇ ಬೇಕೆನ್ನುವುದು ಅತಿಯಾಯಿತು. ಬೆಂಗಳೂರಿಗೋ ಮುಂಬೈಗೋ ಹೋಗುವ ಗಾಡಿಯ ಪಾರ್ಸೆಲ್ ಡಬ್ಬಿಯಲ್ಲಿ ಒಂದಿಷ್ಟು ಜಾಗ ಸಾಕು.

ಹಳಿಯ ಜೊತೆ ಗಾಡಿಯನ್ನೂ ಜೋಡಿಸುವ ವಿಷಯಕ್ಕೆ ರಾಜ್ಯದಲ್ಲೇ ಮಾದರಿಗಳಿವೆ. ಮೀಟರ್ ಗೇಜ್ ಕಾಲದಲ್ಲಿ ರೈಲ್‌ಬಸ್ಸಿಗೆ ಇಳಿದಿದ್ದ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ಬಂದ ಮೇಲೆ ಬೆಂಗಳೂರು, ಮೈಸೂರಿನ ನೇರ ಗಾಡಿಗಳು ಬಂದವು. ಶಿವಮೊಗ್ಗದಲ್ಲಿ ಇಳಿದು ಬದಲಿಸಿಕೊಳ್ಳಿ ಎಂದಿದ್ದರೆ ಆ ಮಾರ್ಗ ಮತ್ತೆ ಸೊರಗುತ್ತಿತ್ತು. ಕೊಟ್ಟೂರಿನದು ಇನ್ನೊಂದು ಪಾಠ. ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಮೇಲೂ ಹೊಸಪೇಟೆಗೆ ಪ್ರಯಾಣಿಕರ ಗಾಡಿ ಬರಲಿಲ್ಲ, ಜನ ವರ್ಷಗಟ್ಟಲೆ ಹೋರಾಡಬೇಕಾಯಿತು. ಹೊಸಪೇಟೆ–ಕೊಟ್ಟೂರು–ಹರಿಹರ ಪ್ಯಾಸೆಂಜರ್ ಹೊರಟದ್ದು 2019ರಲ್ಲಿ.

ಕಲಬುರಗಿ–ಬೀದರ್ ಮಾರ್ಗದ ಕಷ್ಟಕ್ಕೆ ಇನ್ನೊಂದು ಎಳೆಯೂ ಇದೆ. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದ್ದು, ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ. ಒಂದು ಮಾರ್ಗದ ಎರಡು ತುದಿಗೆ ಇಬ್ಬರು ಯಜಮಾನರು, ಇಬ್ಬರೂ ಹೊರರಾಜ್ಯದಲ್ಲಿ. ಮಲ್ಲಿಕಾರ್ಜುನ ಖರ್ಗೆ ರೈಲ್ವೆ ಸಚಿವರಾಗಿದ್ದಾಗ, 2014ರಲ್ಲಿ, ಕಲಬುರಗಿ ವಿಭಾಗಕ್ಕೆ ಅಡಿಗಲ್ಲು ಬಿತ್ತು. ವಿಭಾಗ ಏಳಲಿಲ್ಲ. ಎದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತಿತ್ತೆಂದು ನಾನು ಹೇಳಲಾರೆ, ಆದರೆ ಕಮಲಾಪುರದವರು ಅರ್ಜಿ ಹಿಡಿದು ಎರಡು ರಾಜ್ಯ ಅಲೆಯುವುದಾದರೂ ತಪ್ಪುತ್ತಿತ್ತು.

ಕಮಲಾಪುರವನ್ನು ರೈಲಿಗೆ ಜೋಡಿಸಿದ್ದು ತಪ್ಪಲ್ಲ, ಜೋಡಿಸಿ ಬಿಟ್ಟದ್ದು ತಪ್ಪು. ಜಿಲ್ಲೆಯ ಸಂಸದರು, ಶಾಸಕರು, ವ್ಯಾಪಾರಸ್ಥರ ಸಂಘಗಳು ಇನ್ನು ಮುಂದೆ ಹೊಸ ಮಾರ್ಗದ ಸರ್ವೆಗೆ ಮನವಿ ಬರೆಯುವ ಮುನ್ನ ಇಷ್ಟನ್ನು ಕೇಳಲಿ: ಡೆಮುವಿನ ವೇಳೆಯನ್ನು ಕಲಬುರಗಿಯ ಮುಂಬೈ, ಬೆಂಗಳೂರು ಗಾಡಿಗಳಿಗೆ ಹೊಂದಿಸಿ, ಈ ಮಾರ್ಗದ ಬೆಂಗಳೂರು ಗಾಡಿಗಳಿಗೆ ಕಮಲಾಪುರದಲ್ಲಿ ನಿಲುಗಡೆ ಕೊಡಿ, ಗಾಡಿ ಬರುವ ಹೊತ್ತಿಗೆ ನಿಲ್ದಾಣದಿಂದ ಊರೊಳಗೆ ಒಂದು ಬಸ್ ಓಡಿಸಿ. ಇವು ಮೂರಕ್ಕೂ ಹೊಸ ಹಳಿ ಬೇಕಿಲ್ಲ, ಸುರಂಗ ಬೇಕಿಲ್ಲ.