ನೆಲವಿಲ್ಲದೆಡೆಯ ವಿದ್ಯುತ್ತು

ಸಮುದ್ರವನ್ನು ಕಣ್ಣಾರೆ ಕಾಣದೆಯೇ ಆಯುಷ್ಯವನ್ನು ಕಳೆದವರು ಅನೇಕರಿರುವ ರಾಯಚೂರು ಜಿಲ್ಲೆಯ ನಮ್ಮ ಕಲ್ಲೂರಿನಂಥ ಊರಿನಲ್ಲಿ ಕುಳಿತು ಹಡಗುಕಟ್ಟೆಯ ಎಲೆಕ್ಟ್ರೀಷಿಯನ್ನನ ಕಸಬನ್ನು ವಿಮರ್ಶಿಸಹೊರಡುವುದು ಕೆಲವರಿಗೆ ಅಸಂಗತವೆಂದು ತೋರಬಹುದು. ಆದರೆ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವನ್ನು ಇರಿಸಿಕೊಂಡಿರುವ ಈ ಜಿಲ್ಲೆಯಲ್ಲಿ ಕರೆಂಟಿನ ಕೆಲಸವನ್ನೇ ಅನ್ನದ ದಾರಿಯೆಂದು ನಂಬಿದ ತರುಣರಿಗೆ ಕೊರತೆಯಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಳೆ ಹೋಗುವುದು ರೂಢಿಯಾಗಿಬಿಟ್ಟ ಈ ಸೀಮೆಯಿಂದ ಐ.ಟಿ.ಐ. ಪ್ರಮಾಣಪತ್ರವನ್ನು ಹಿಡಿದು ಕರಾವಳಿಯ ಕಡೆಗೆ ನಡೆಯಬಯಸುವವನ ಎದುರಿಗೆ ಇಂದು ಹಡಗುಕಟ್ಟೆಯೂ ಒಂದು ಬಾಗಿಲಾಗಿದೆ. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಕೈಸೇರಿ, ಮುಂದೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರನ್ನು ಪಡೆದ ಮಲ್ಪೆಯ ಸಂಸ್ಥೆಯು ಟಗ್ಗುಗಳ ಜೊತೆಗೆ ನಾರ್ವೆಯ ಕಂಪೆನಿಯೊಂದಕ್ಕೆ 3,800 ಟನ್ ವರ್ಗದ ಸರಕುನೌಕೆಗಳನ್ನು ಕಟ್ಟುವ ಕಾರ್ಯವನ್ನು ವಹಿಸಿಕೊಂಡಿದೆ. ಆ ನೌಕೆಗಳು ಡೀಸೆಲ್-ಎಲೆಕ್ಟ್ರಿಕ್ ಮಾದರಿಯವು, ಎಂದರೆ ಅವುಗಳ ಚಲನೆಯೇ ವಿದ್ಯುತ್ತನ್ನು ಆಶ್ರಯಿಸಿರುವುದು. ಆದುದರಿಂದ ದೀಪ ಹಾಕುವವನೆಂದು, ಫ್ಯಾನು ಕೂಡಿಸುವವನೆಂದು ಈ ಕಸಬುದಾರನನ್ನು ಎಣಿಸುವ ಕಾಲ ಎಂದೋ ಸಂದುಹೋಯಿತು.

ನೆಲದ ಮೇಲೆ ಕಲಿತವನ ವಿದ್ಯೆಯೆಲ್ಲಕ್ಕೂ ಆಧಾರ ನೆಲವೇ. ನಮ್ಮ ಹೊಲಗಳಲ್ಲಿ ಉಪ್ಪು, ಇದ್ದಿಲು ತುಂಬಿ ನೀರು ಹೊಯ್ದು ಸಿದ್ಧಪಡಿಸಿದ ಅರ್ತಿಂಗ್ ಗುಂಡಿಯನ್ನು ನೋಡದವರಿಲ್ಲ. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ಲನ್ನು ಭೂಮಿಗೆ ಕೂಡಿಸಿರುವುದರಿಂದಲೇ, ಪಂಪ್‌ಸೆಟ್ಟಿನ ಗೂಡಿನಲ್ಲಿ ನ್ಯೂಟ್ರಲ್ ಸಿಗದಿದ್ದ ರಾತ್ರಿ ಒಂದು ಫೇಸನ್ನೂ ಅರ್ತಿಂಗಿನ ತಂತಿಯನ್ನೂ ಹಿಡಿದು ಬಲ್ಬು ಉರಿಸುವ ಅಪಾಯಕರವಾದ ಅಭ್ಯಾಸವೂ ಹಳ್ಳಿಗಳಲ್ಲಿ ಬೆಳೆದುಬಂದಿದೆ. ಬಹುಪಾಲು ಸರಕುನೌಕೆಗಳ ಮುಖ್ಯ ವಿದ್ಯುದ್ವ್ಯವಸ್ಥೆಯಲ್ಲಿ ಇದೇ ಪ್ರಯೋಗವನ್ನು ಮಾಡಿದರೆ ದೀಪವು ಸರಿಯಾಗಿ ಉರಿಯದು. ಅಲ್ಲಿ ನ್ಯೂಟ್ರಲ್ಲನ್ನು ಬೇಕೆಂದೇ ಹಡಗಿನ ಉಕ್ಕಿನ ಮೈಯಿಂದ ಬೇರ್ಪಡಿಸಿರುತ್ತಾರೆ. ಹಾಗೆಂದು ತಂತಿಯನ್ನು ಮುಟ್ಟಿದವನಿಗೆ ಭಯವಿಲ್ಲವೆಂದು ಯಾರೂ ಭ್ರಮಿಸಲಾಗದು.

ಈ ವಿಪರ್ಯಾಸದ ಹಿಂದಿರುವ ವಿವೇಕವನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಊರಿನಲ್ಲಿ ಒಂದು ಫೇಸು ಭೂಮಿಗೆ ತಗುಲಿದರೆ ಫ್ಯೂಸು ಹಾರಿ ಪಂಪು ನಿಲ್ಲುತ್ತದೆ. ನಿಂತುದರಿಂದ ಒಂದು ಮಡಿಗೆ ನೀರು ತಪ್ಪೀತೇ ಹೊರತು ಹೆಚ್ಚಿನ ಕೇಡಿಲ್ಲ. ಬಿರುಗಾಳಿಯ ನಡುವೆ ಚುಕ್ಕಾಣಿಯನ್ನು ತಿರುಗಿಸುವ ಮೋಟರು ಹಾಗೆ ನಿಂತರೆ ಹಡಗೇ ದಿಕ್ಕುತಪ್ಪೀತು. ಮೊದಲ ದೋಷ ಉಂಟಾದರೂ ಯಂತ್ರವು ನಡೆಯುತ್ತಲೇ ಇರಬೇಕು, ಆದರೆ ದೋಷವು ತಿಳಿಯದೆಯೂ ಹೋಗಬಾರದು. ಎರಡನೆಯ ದೋಷ ಮತ್ತೊಂದು ಫೇಸಿನಲ್ಲಿ ಕಾಣಿಸಿಕೊಂಡ ಒಡನೆಯೇ ಶಾರ್ಟ್ ಸರ್ಕ್ಯೂಟ್ ಆಗುವುದರಿಂದ, ಅದಕ್ಕೆ ಮುನ್ನವೇ ಮೊದಲನೆಯದನ್ನು ಹುಡುಕಿ ತೆಗೆಯಬೇಕು. ಅದಕ್ಕಾಗಿಯೇ ಹಡಗಿನ ಮುಖ್ಯ ಫಲಕದ ಮೇಲೆ ಹಿಂದಿನಿಂದಲೂ ಮೂರು ದೀಪಗಳನ್ನು ಇರಿಸಿದ್ದಾರೆ. ಮೂರೂ ಸಮನಾಗಿ ಉರಿದರೆ ಕ್ಷೇಮ. ಒಂದು ಮಂಕಾಗಿ ಉಳಿದೆರಡು ಪ್ರಖರವಾದರೆ, ಮಂಕಾದ ಫೇಸು ಎಲ್ಲಿಯೋ ಉಕ್ಕನ್ನು ತಗುಲಿದೆಯೆಂದು ಅರ್ಥ. ಯಾವ ಯಂತ್ರವೂ ನಿಂತಿಲ್ಲ, ಯಾರೂ ದೂರು ಹೇಳಿಲ್ಲ, ಆದರೂ ಎಲೆಕ್ಟ್ರೀಷಿಯನ್ನನು ಒಂದೊಂದೇ ಶಾಖೆಯನ್ನು ತೆಗೆದು, ದೀಪವನ್ನು ನೋಡಿ, ಮತ್ತೆ ಹಾಕುತ್ತ ದೋಷದ ಬೆನ್ನು ಹತ್ತಬೇಕು. ಕೆಟ್ಟಮೇಲೆ ಕರೆಸಿಕೊಳ್ಳುವುದನ್ನೇ ರೂಢಿಮಾಡಿಕೊಂಡ ನೆಲದ ಕಸಬಿಗೂ ಈ ಕಸಬಿಗೂ ಇರುವ ಅಂತರ ಇದರಲ್ಲಿಯೇ ಅಡಗಿದೆಯೆಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಹೊಸ ಹಡಗನ್ನು ಕಟ್ಟುವಾಗ ಈ ಎಚ್ಚರವು ಕೈಕೆಲಸದ ರೂಪವನ್ನು ತಾಳುತ್ತದೆ. ಕೇಬಲ್ಲು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಉಕ್ಕಿನ ಗೋಡೆಯನ್ನು ಭೇದಿಸಲೇಬೇಕು; ಆ ಗೋಡೆಯಾದರೋ ಬೆಂಕಿಯನ್ನೂ ನೀರನ್ನೂ ತಡೆಯಲೆಂದೇ ನಿಂತಿರುವುದು. ಆದಕಾರಣ ರಂಧ್ರಕ್ಕೆ ಚೌಕಟ್ಟನ್ನು ಬೆಸೆದು, ಪ್ರತಿ ಕೇಬಲ್ಲಿನ ಗಾತ್ರಕ್ಕೆ ಒಪ್ಪುವ ರಬ್ಬರಿನ ಅಚ್ಚುಗಳನ್ನು ಅದರ ಎರಡು ಮಗ್ಗುಲಿಗೂ ಕೂಡಿಸಿ, ಖಾಲಿ ಉಳಿದ ಜಾಗಕ್ಕೆ ಗಟ್ಟಿ ಅಚ್ಚುಗಳನ್ನು ತುಂಬಿ, ಕೊನೆಗೆ ಬೋಲ್ಟನ್ನು ಬಿಗಿದು ಇಡೀ ಚೌಕಟ್ಟನ್ನು ಒತ್ತಿಬಿಡುತ್ತಾರೆ. ಅಚ್ಚಿನ ಪದರವೊಂದನ್ನು ಹೆಚ್ಚಾಗಿ ಸುಲಿದರೆ ಸಂದು ಉಳಿಯುತ್ತದೆ, ಕಡಮೆ ಸುಲಿದರೆ ಅಚ್ಚೇ ಕೂಡುವುದಿಲ್ಲ. ಆಮೇಲೆ ಕೇಬಲ್ಲಿನ ಹೊದಿಕೆಯ ನಿರೋಧವನ್ನು ಅಳೆಯುವ ಮೆಗ್ಗರಿನ ಸರದಿ. 500 ವೋಲ್ಟಿನ ಒತ್ತಡವನ್ನು ಕೊಟ್ಟು ನೋಡಿದಾಗ ನಿರೋಧವು ಒಂದು ಮೆಗಾಓಮಿಗಿಂತ ಕೆಳಗಿಳಿಯಬಾರದೆಂಬುದು ಸಾಮಾನ್ಯ ಕಟ್ಟಳೆ. ಹೊಸ ಕೇಬಲ್ಲಿನಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಿರಬೇಕು. ಕೊಚ್ಚಿಯಲ್ಲಿ ನಿರ್ಮಾಣಗೊಂಡು 2022ರ ಸೆಪ್ಟೆಂಬರ್ 2ರಂದು ನೌಕಾಪಡೆಯನ್ನು ಸೇರಿದ ವಿಕ್ರಾಂತದೊಳಗೆ ಹಾಸಿದ ಕೇಬಲ್ಲು ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕದ್ದು. ಅಷ್ಟನ್ನೂ ಮನುಷ್ಯರ ಕೈಗಳೇ ಎಳೆದು, ಕಟ್ಟಿ, ಗುರುತಿನ ಪಟ್ಟಿಗಳನ್ನು ತೊಡಿಸಿದುವೆಂಬುದನ್ನು ನೆನೆದರೆ ಈ ಕಸಬಿನ ಮೇಲೆ ಗೌರವವು ತಾನಾಗಿ ಮೂಡುತ್ತದೆ.

ಗೌರವ ಮೂಡಿದುದರಿಂದಲೇ ಇದರ ಆಚರಣೆಯ ದೋಷಗಳನ್ನು ಹೇಳದೆ ವಿಧಿಯಿಲ್ಲ. ಉಕ್ಕಿನವರು, ಪೈಪಿನವರು ತಡಮಾಡಿದ ದಿನಗಳೆಲ್ಲ ಕೊನೆಗೆ ಬರುವ ಎಲೆಕ್ಟ್ರೀಷಿಯನ್ನನ ಪಾಲಿಗೆ ಸಾಲವಾಗಿ ನಿಲ್ಲುತ್ತವೆ. ಹಾಸಿ ಮುಗಿಸಿದ ಕೇಬಲ್ಲಿನ ಮೇಲೆಯೇ ಬೆಸುಗೆ ನಡೆದು, ಕಿಡಿ ಬಿದ್ದು ಹೊದಿಕೆ ಕರಗಿದರೆ, ಆ ಗಾಯವು ಮೆಗ್ಗರಿಗೂ ಕೂಡಲೇ ಸಿಕ್ಕುವುದಿಲ್ಲ; ಉಪ್ಪುಗಾಳಿಯ ತೇವವು ಹೊಕ್ಕಮೇಲೆ ಸಮುದ್ರದ ಮಧ್ಯದಲ್ಲಿ ಅದು ತಲೆಯೆತ್ತುತ್ತದೆ. ಮರೆತ ಒಂದೇ ಕೇಬಲ್ಲನ್ನು ತೂರಿಸಲೆಂದು ಬಿಚ್ಚಿದ ಚೌಕಟ್ಟನ್ನು ಮರಳಿ ಬಿಗಿಯದೆ ಬಿಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ದೀಪಗಳೆಲ್ಲ ಸರಿಯಾಗಿ ಉರಿಯುತ್ತಿರುವಾಗ ಆ ತೂತನ್ನು ಯಾರೂ ಹುಡುಕುವುದಿಲ್ಲ. ಗುತ್ತಿಗೆಯ ಪದ್ಧತಿಯಲ್ಲಿ ಎಳೆಯುವವನೊಬ್ಬ, ಕೂಡಿಸುವವನೊಬ್ಬ, ಪರೀಕ್ಷಿಸುವವನು ಮತ್ತೊಬ್ಬನಾದಲ್ಲಿ, ಎಳೆದವನಿಗೆ ತನ್ನ ಕೆಲಸದ ಫಲವನ್ನು ಕಾಣುವ ಭಾಗ್ಯವೂ ಇಲ್ಲ, ತಪ್ಪಿನಿಂದ ಕಲಿಯುವ ಅವಕಾಶವೂ ಇಲ್ಲ. ಹೊಣೆಯನ್ನು ಹೀಗೆ ತುಂಡುಮಾಡುವುದು ಈ ಕಸಬಿನ ಸ್ವಭಾವಕ್ಕೇ ವಿರುದ್ಧವಾದುದು.

ಈ ಹೊಣೆಯ ತೂಕ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. 1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಮುಳುಗುವ ಕೆಲವೇ ನಿಮಿಷಗಳ ಮುಂಚಿನವರೆಗೂ ಅದರ ದೀಪಗಳು ಉರಿಯುತ್ತಿದ್ದುವು. ಕೆಳಗೆ ಉಳಿದು ಅವನ್ನು ಉರಿಸಿದ ಎಂಜಿನಿಯರುಗಳೂ ಎಲೆಕ್ಟ್ರೀಷಿಯನ್ನರೂ ಒಬ್ಬರೂ ಬದುಕಿ ಬರಲಿಲ್ಲ. ಆ ದುರಂತದ ತರುವಾಯ 1914ರಲ್ಲಿ ಮೊದಲಾದ ಅಂತರರಾಷ್ಟ್ರೀಯ ಸುರಕ್ಷತಾ ಒಡಂಬಡಿಕೆಯ ಇಂದಿನ ನಿಯಮಗಳಂತೆ, ಮುಖ್ಯ ವಿದ್ಯುತ್ತು ಕೈಕೊಟ್ಟರೆ ತುರ್ತು ಜನರೇಟರು 45 ಸೆಕೆಂಡಿನೊಳಗೆ ತಾನಾಗಿಯೇ ಹೊರೆಯನ್ನು ವಹಿಸಿಕೊಳ್ಳಬೇಕು. ನಿಯಮವನ್ನು ಬರೆದಿಡುವುದು ಸುಲಭ. ಕತ್ತಲಾದ ಆ ಕ್ಷಣದಲ್ಲಿ ಅದು ನಿಜವಾಗುವುದು ತಿಂಗಳುಗಳ ಹಿಂದೆ ಯಾರೋ ತಿರುಪೊಂದನ್ನು ಸರಿಯಾಗಿ ಬಿಗಿದಿದ್ದರಿಂದ.

ಇಂಥ ಕೆಲಸಕ್ಕೆ ನಾವು ಕಳುಹಿಸುವ ಹುಡುಗನು ಎರಡು ವರ್ಷ ಮನೆಯ ವೈರಿಂಗು, ಮೋಟರು, ಟ್ರಾನ್ಸ್‌ಫಾರ್ಮರುಗಳನ್ನು ಶ್ರದ್ಧೆಯಿಂದಲೇ ಕಲಿತಿರುತ್ತಾನೆ. ಮೋಟರು ಉಲ್ಟಾ ತಿರುಗಿದರೆ ಎರಡು ಫೇಸುಗಳನ್ನು ಅದಲುಬದಲು ಮಾಡಬೇಕೆಂಬುದು ಅವನಿಗೆ ಗೊತ್ತು, ಅದು ಹಡಗಿನಲ್ಲೂ ನಡೆಯುವ ವಿದ್ಯೆ. ಬಹಳಷ್ಟು ಹಡಗುಗಳ ವಿದ್ಯುತ್ತು 440 ವೋಲ್ಟಿನದು, 60 ಹರ್ಟ್ಸಿನದು ಎಂಬುದನ್ನಾದರೂ ಒಂದು ದಿನದಲ್ಲಿ ಹೇಳಿಕೊಡಬಹುದು. ನೆಲವನ್ನು ನೆಚ್ಚದೆ ಯೋಚಿಸುವುದು ಮಾತ್ರ ಬಾಯಿಮಾತಿನಿಂದ ಬರುವಂಥದಲ್ಲ. ರಾಯಚೂರಿನ ಯಾವ ತರಬೇತಿ ಶಾಲೆಯಲ್ಲಾದರೂ ಒಂದು ಸಣ್ಣ ತ್ರೀ ಫೇಸ್ ಐಸೊಲೇಷನ್ ಟ್ರಾನ್ಸ್‌ಫಾರ್ಮರು, ಹಡಗಿನ ಮೈಗೆ ಬದಲಾಗಿ ಒಂದು ಕಬ್ಬಿಣದ ತಗಡು, ಮೂರು ದೀಪ, ಒಂದು ಮೋಟರು ಇಷ್ಟನ್ನು ಹಲಗೆಯ ಮೇಲೆ ಕೂಡಿಸಿಕೊಳ್ಳುವುದು ದುಬಾರಿಯ ಮಾತಲ್ಲ. ಗುರುವು ಶಿಷ್ಯನಿಗೆ ಕಾಣದಂತೆ ಒಂದು ಫೇಸನ್ನು ತಗಡಿಗೆ ತಗುಲಿಸಿ, ಮೋಟರು ತಿರುಗುತ್ತಿರುವಾಗಲೇ ದೋಷ ಎಲ್ಲಿದೆಯೆಂದು ಅವನಿಂದಲೇ ಹುಡುಕಿಸಬೇಕು. ಹುಡುಕಿದಮೇಲೆ ದಾಖಲೆ ಪುಸ್ತಕದಲ್ಲಿ ಅವನ ಕೈಯಿಂದಲೇ ಬರೆಯಿಸಿ, ಅವನದೇ ಸಹಿಯನ್ನು ಹಾಕಿಸಬೇಕು.