ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಎಷ್ಟು ಹೊತ್ತು?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಎಂದು ಮೊಬೈಲನ್ನು ಕೇಳಿದರೆ ಸುಮಾರು 14,000 ಕಿ.ಮೀ. ಅನ್ನುತ್ತದೆ. ಲೆಕ್ಕ ಸರಿ. ಆದರೆ ವಿಮಾನದ ಹುಚ್ಚು ಹಿಡಿದ ನಮ್ಮಂಥವರು ಆ ಅಂಕಿಗೆ ಹೆಚ್ಚು ಬೆಲೆ ಕೊಡುವುದಿಲ್ಲ. ವಿಮಾನ ಆ ಗೆರೆಯ ಮೇಲೆ ಹಾರುವುದೇ ಇಲ್ಲ.

ಗೋಡೆಯ ಭೂಪಟ ಬಿಡಿ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಚೆಂಡೊಂದನ್ನು ಹಿಡಿಯಿರಿ. ನಡುಗೆರೆಗಿಂತ ತುಸು ಮೇಲೆ ಬೆಂಗಳೂರಿಗೊಂದು ಚುಕ್ಕಿ. ಹೆಚ್ಚುಕಡಿಮೆ ಆಚೆ ಮಗ್ಗುಲಲ್ಲಿ, ಇನ್ನಷ್ಟು ಮೇಲೆ, ಸ್ಯಾನ್ ಫ್ರಾನ್ಸಿಸ್ಕೋಗೊಂದು. ನಡುವೆ ದಾರ ಬಿಗಿದರೆ ಅದು ಅಡ್ಡಕ್ಕೆ ನಿಲ್ಲದೆ ನೆತ್ತಿಯತ್ತ ಜಾರುತ್ತದೆ: ಟಿಬೆಟ್, ಮಂಗೋಲಿಯಾ ದಾಟಿ, ಸೈಬೀರಿಯಾದ ಉತ್ತರದಂಚು ಸವರಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಹತ್ತಿರದ ದಾರಿ ಅದೇ. ತೊಡಕಿರುವುದು ಟಿಬೆಟ್‌ನಲ್ಲಿ. ವಿಮಾನದೊಳಗಿನ ಗಾಳಿಯೊತ್ತಡ ಕುಸಿದರೆ ಪೈಲಟ್ ಕೂಡಲೇ 10,000 ಅಡಿಯ ಆಸುಪಾಸಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ.

ಇನ್ನು ಗಾಳಿ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಜೆಟ್ ಪ್ರವಾಹ ಬೆನ್ನಿಗಿದ್ದರೆ ದೂರದ ದಾರಿಯೂ ಬೇಗ ಸಾಗುತ್ತದೆ, ಎದುರಾದರೆ ಇಂಧನ ಕುಡಿಯುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಮಹಿಳಾ ತಂಡ ಉತ್ತರ ಧ್ರುವದ ಮೇಲೆ ಹಾರಿಸಿ ಬೆಂಗಳೂರಿಗೆ ತಂದಿಳಿಸಿತು. ಹಾರಿದ್ದು ಸುಮಾರು 17 ಗಂಟೆ, ಇಳಿದಾಗ ತಾರೀಕು 11! ಆ ನಷ್ಟ ಹೋಗುವಾಗ ಭರ್ತಿಯಾಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದರೂ ಅಲ್ಲಿ ಅದೇ ದಿನ ಸಂಜೆ ಐದೂವರೆ.

ನಮ್ಮ ಕಡೆಯವರ ನಿಜವಾದ ದೂರ ಇರುವುದು ಮಾತ್ರ ನೆಲದ ಮೇಲೆ. ಚನ್ನಪಟ್ಟಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಹತ್ತಿರ ಹತ್ತಿರ 100 ಕಿ.ಮೀ.; ಮೇಲಾದರೆ ಏಳು ನಿಮಿಷದ ಹಾದಿ. ಮಾಗಡಿಯವರು ಜಾಣರು, ಸೋಲೂರು, ನೆಲಮಂಗಲ, ದೊಡ್ಡಬಳ್ಳಾಪುರ ಹಿಡಿದು ಊರ ಹೊರಗೇ ದಾಟಿಕೊಳ್ಳುತ್ತಾರೆ. ನಿಲ್ದಾಣಕ್ಕೆ 2013ರಲ್ಲಿ ಇಟ್ಟ ಹೆಸರಿನ ಕೆಂಪೇಗೌಡರ ಸಮಾಧಿ ಇರುವುದು ಅದೇ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ಆ ಲೆಕ್ಕದಲ್ಲಿ ನಿಲ್ದಾಣ ಅವರದೇ ಅನ್ನಿ.

ಕನಕಪುರದವರಿಗೂ ಆಸೆ ಹುಟ್ಟಿದೆ. ಎರಡನೇ ವಿಮಾನ ನಿಲ್ದಾಣಕ್ಕೆಂದು ಸರ್ಕಾರ ತೋರಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯ ಬದಿಯವು. ಆದರೆ 150 ಕಿ.ಮೀ. ಒಳಗೆ ಹೊಸ ನಿಲ್ದಾಣ ಬರಕೂಡದೆಂಬ ಹಳೆಯ ಕರಾರು 2033ರವರೆಗೂ ಇದೆ. ಅಲ್ಲಿಯವರೆಗೆ ಅಮೆರಿಕಕ್ಕೆ ಹೊರಟ ಮಗಳನ್ನು ಬಿಟ್ಟುಬರಲು ಹೋಗುವವರು ವಿಮಾನದ ಹೊತ್ತಿನಿಂದ ಏಳು ಗಂಟೆ ಹಿಂದಕ್ಕೆ ಎಣಿಸಿ: ಮೂರು ನಿಲ್ದಾಣದೊಳಗಿನ ಸಾಲುಗಳಿಗೆ, ಮೂರು ರಸ್ತೆಗೆ, ಒಂದು ಹೆಬ್ಬಾಳಕ್ಕೆ.