ಕುಡಿದಷ್ಟೂ ಲಾಭ

ನಮ್ಮ ಇಂಡಸ್ಟ್ರಿಯಲ್ಲಿ ‘ಅನ್‌ಲಿಮಿಟೆಡ್’ ಅನ್ನೋ ಪದದ ತಲೆ ಮೇಲೆ ಯಾವಾಗಲೂ ಒಂದು ಪುಟ್ಟ ನಕ್ಷತ್ರ ಇರುತ್ತೆ. ಅನ್‌ಲಿಮಿಟೆಡ್ ಡೇಟಾ ಅಂದ್ರೆ ದಿನಕ್ಕಿಷ್ಟು ಜಿಬಿ, ಆಮೇಲೆ ಆಮೆ ಸ್ಪೀಡು. ಅನ್‌ಲಿಮಿಟೆಡ್ ಲೀವ್ ಅಂದ್ರೆ ಯಾರಿಗೂ ಕೇಳೋ ಧೈರ್ಯ ಬರದ ಲೀವ್. ಆದರೆ ಈ ನಕ್ಷತ್ರವನ್ನ ಅತಿ ಜಾಣತನದಿಂದ ಬಚ್ಚಿಟ್ಟಿರೋದು ಎಲ್ಲಿ ಅಂತ ಕೇಳಿದ್ರೆ ನಾನು ತೋರಿಸೋದು ಕ್ರೂಸ್ ಹಡಗಿನ ಡ್ರಿಂಕ್ಸ್ ಪ್ಯಾಕೇಜನ್ನ.

ಆನ್‌ಸೈಟ್ ಹೋದ ನಮ್ಮವರಲ್ಲಿ ತುಂಬಾ ಜನ ಒಂದಲ್ಲ ಒಂದು ಡಿಸೆಂಬರಿನಲ್ಲಿ ಫ್ಲೋರಿಡಾದಿಂದ ಹೊರಡೋ ಕೆರಿಬಿಯನ್ ಕ್ರೂಸ್ ಹತ್ತಿ ಬಂದಿರ್ತಾರೆ. ಟಿಕೆಟ್ಟಿನಲ್ಲೇ ರೂಮು, ಊಟ, ನಲ್ಲಿ ನೀರು, ಬಫೆಯಲ್ಲಿ ಸಿಗೋ ಕಾಫಿ-ಟೀ ಎಲ್ಲ ಸೇರಿರುತ್ತೆ. ಸೇರದೇ ಇರೋದು ಎಣ್ಣೆ, ಕೋಕು-ಪೆಪ್ಸಿ, ಬಾಯಿಗಿಡಬಹುದಾದ ಕಾಫಿ. ಕಾರ್ನಿವಲ್, ರಾಯಲ್ ಕೆರಿಬಿಯನ್ ಥರದ ದೊಡ್ಡ ಕಂಪನಿಗಳ ವಾರ್ಷಿಕ ವರದಿ ತೆಗೆದು ನೋಡಿ, ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಟಿಕೆಟ್ಟಿನದಲ್ಲ. ನಾವು ಹಡಗು ಹತ್ತಿದ ಮೇಲೆ ಬಾರು, ಕ್ಯಾಸಿನೊ, ಸ್ಪಾ, ವೈಫೈ ಅಂತ ಬಿಚ್ಚೋ ದುಡ್ಡು. ಹಾಗಾಗಿ ಬಾರು ಅಲ್ಲಿ ಮೋಜಿಗೆ ಇಟ್ಟಿರೋ ಮೂಲೆಯಲ್ಲ, ಅದೇ ಎಂಜಿನ್ ರೂಮು.

ಲೆಕ್ಕ ಹಾಕೋಣ. ಪ್ಯಾಕೇಜಿನ ಬೆಲೆ ವಿಮಾನದ ಟಿಕೆಟ್ಟಿನ ಹಾಗೆ ಹಡಗು, ತಾರೀಖು ನೋಡ್ಕೊಂಡು ಏರಿಳಿಯುತ್ತೆ. ದಿನಕ್ಕೆ 75 ಡಾಲರ್ ಅಂತ ಇಟ್ಕೊಳ್ಳಿ. ಅದರ ಮೇಲೆ ಶೇ. 18 ಟಿಪ್ಸ್ ಅವರೇ ಸೇರಿಸ್ತಾರೆ, ಅಲ್ಲಿಗೆ 88.50. ಒಂದು ಕಾಕ್‌ಟೇಲು 13 ಡಾಲರ್ ಅಂದ್ರೆ ಟಿಪ್ಸ್ ಸೇರಿ 15.34. ಅಂದ್ರೆ ಅಸಲು ಹುಟ್ಟಬೇಕಾದ್ರೆ ದಿನಕ್ಕೆ ಆರು ಕಾಕ್‌ಟೇಲು ಇಳಿಸಬೇಕು. 8 ಡಾಲರಿನ ಬಿಯರ್ ಕುಡಿಯೋರಾದ್ರೆ ಹತ್ತು. ಇವತ್ತು ಹತ್ತು, ನಾಳೆ ರೆಸ್ಟು ಅನ್ನೋ ಹಾಗಿಲ್ಲ, ಪ್ರಯಾಣದ ಅಷ್ಟೂ ದಿನಕ್ಕೆ ಕೊಳ್ಳಬೇಕು. ಹಡಗು ಕೊಝುಮೆಲ್‌ನಲ್ಲಿ ನಿಂತು, ನೀವು ಬೆಳಗ್ಗೆಯಿಂದ ಸಂಜೆವರೆಗೆ ಊರು ಸುತ್ತೋ ದಿನವೂ ಮೀಟರ್ ಓಡ್ತಾನೇ ಇರುತ್ತೆ.

ಇಷ್ಟಾದ್ರೆ ನನ್ನ ತಕರಾರಿರಲಿಲ್ಲ. ಕುಡಿಯೋ ತಾಕತ್ತಿರೋರು ಕೊಂಡ್ಕೊಳ್ತಾರೆ, ನಮಗೇನು? ತಕರಾರು ಇರೋದು ರೂಮಿನ ರೂಲ್ ಬಗ್ಗೆ. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಪ್ಯಾಕೇಜ್ ತಗೊಂಡ್ರೆ ಅದೇ ಕ್ಯಾಬಿನ್ನಿನಲ್ಲಿರೋ, ಕುಡಿಯೋ ವಯಸ್ಸಿನ ಎಲ್ಲರೂ ತಗೋಬೇಕು ಅನ್ನೋದು ಈ ದೊಡ್ಡ ಕಂಪನಿಗಳ ಸಾಮಾನ್ಯ ನಿಯಮ. ನಮ್ಮ ಮನೆಗಳಲ್ಲಿ ಗಂಡ ಎರಡು ಪೆಗ್ ಹಾಕಿದ್ರೆ ಹೆಂಡತಿ ನಿಂಬೆ ಸೋಡಾ ಹಿಡ್ಕೊಂಡು ಕೂತಿರ್ತಾಳೆ (ಈಗೀಗ ಉಲ್ಟಾನೂ ಇದೆ, ಸಂತೋಷ). ಅಂಥ ಜೋಡಿಗೆ ಒಬ್ಬನೇ ಇಬ್ಬರ ಅಸಲು ತೆಗೀಬೇಕು, ಅಂದ್ರೆ ದಿನಕ್ಕೆ ಹನ್ನೆರಡು. ಕಾರ್ನಿವಲ್‌ನ ‘ಚಿಯರ್ಸ್’ ಪ್ಯಾಕೇಜಿನಲ್ಲಿ ತಲೆಗೆ 24 ಗಂಟೆಗೆ 15 ಮದ್ಯದ ಗ್ಲಾಸ್ ಅನ್ನೋ ಮಿತಿ ಇದೆ. ಅಸಲು ಹುಟ್ಟೋದಕ್ಕೂ ಕಂಪನಿಯವರು ‘ಸಾಕಪ್ಪಾ’ ಅನ್ನೋದಕ್ಕೂ ನಡುವೆ ಮೂರೇ ಗ್ಲಾಸು! ಒಂದು ಗ್ಲಾಸಿಗೂ ಇನ್ನೊಂದಕ್ಕೂ ಐದು ನಿಮಿಷ ಗ್ಯಾಪ್ ಇರಬೇಕು ಅಂತಲೂ ಇದೆ. ಎಪಿಐಗೆ ರೇಟ್ ಲಿಮಿಟ್ ಹಾಕೋದು ಗೊತ್ತಿತ್ತು, ಗಂಟಲಿಗೂ ಹಾಕ್ತಾರೆ ಅಂತ ಅಲ್ಲೇ ಗೊತ್ತಾಗಿದ್ದು.

ಈ ರೂಲ್ ಯಾಕೆ ಅಂದ್ರೆ ಒಬ್ಬರ ಪ್ಯಾಕೇಜಿನಲ್ಲಿ ಇಬ್ಬರು ಕುಡೀಬಾರದು ಅಂತ. ಒಪ್ಪೋಣ ಅಂದ್ರೆ ನನ್ನೊಳಗಿನ ಎಂಜಿನಿಯರ್ ಬಿಡಲ್ಲ. ಕಾರ್ಡ್ ಕೊಟ್ಟ ತಕ್ಷಣ ಬಾರಿನವನ ಸ್ಕ್ರೀನಿನಲ್ಲಿ ನನ್ನ ಫೋಟೋ ಬರುತ್ತೆ. ಎಷ್ಟನೇ ಗ್ಲಾಸು, ಎಷ್ಟು ಹೊತ್ತಿಗೆ, ಯಾವ ಬಾರಿನಲ್ಲಿ ಅನ್ನೋದೆಲ್ಲ ಸಿಸ್ಟಮ್ಮಿನಲ್ಲಿದೆ. ಇಷ್ಟು ಡೇಟಾ ಇಟ್ಕೊಂಡು ಕಳ್ಳನನ್ನ ಹಿಡಿಯೋಕಾಗಲ್ಲ, ಅದಕ್ಕೆ ಕುಡಿಯದವರ ಹತ್ತಿರವೂ ದುಡ್ಡು ಇಸ್ಕೋತೀವಿ ಅಂದ್ರೆ ಅದು ಸೆಕ್ಯುರಿಟಿ ಅಲ್ಲ ಸ್ವಾಮಿ, ಪ್ರೈಸಿಂಗು.

ನಾವು ಹೋದ ಹಡಗಿನ ಕಂಪನಿಯ ಹೆಸರು ಬೇಡ. ನನ್ನ ಹೆಂಡತಿ ಕುಡಿಯಲ್ಲ ಅಂತ ಕೌಂಟರಿನಲ್ಲಿ ಹೇಳಿದ್ದಕ್ಕೆ ಅಲ್ಲಿದ್ದಾಕೆ ನಗುನಗುತ್ತಲೇ ‘ಇಬ್ಬರಿಗೂ ತಗೊಳ್ಳಿ, ಇಲ್ಲಾಂದ್ರೆ ಇಬ್ಬರಿಗೂ ಬೇಡ’ ಅಂದಳು. ಇವಳು ಪಕ್ಕದಲ್ಲಿ ನಿಂತು, “ಕುಡಿಯದೇ ಇರೋದಕ್ಕೆ ನನಗೆ ಆರು ನೂರು ಡಾಲರಾ? ಅಷ್ಟು ಕೊಡೋ ಬದಲು ಕುಡಿಯೋದು ಕಲಿಯೋದೇ ವಾಸಿ ಕಣ್ರೀ” ಅಂದಳು. ತಗೊಳ್ಳಲಿಲ್ಲ. ದಿನಕ್ಕೆರಡರಂತೆ ಏಳು ದಿನ ಕಾಸು ಕೊಟ್ಟೇ ಕುಡಿದೆ. ಮೇಲಿನ ಲೆಕ್ಕದಲ್ಲೇ ನೋಡಿದ್ರೂ ಅದು 214 ಡಾಲರ್ ಚಿಲ್ಲರೆ. ಇಬ್ಬರ ಪ್ಯಾಕೇಜ್ 1,239.

ಇದಕ್ಕಿಂತ ಮಜಾ ನಾರ್ವೀಜಿಯನ್ ಕ್ರೂಸ್ ಲೈನಿನವರದ್ದು. ‘ಫ್ರೀ ಅಟ್ ಸೀ’ ಅಂತ ಪ್ಯಾಕೇಜನ್ನ ಉಚಿತವಾಗಿ ಕೊಟ್ಟು, ಆ ಉಚಿತ ಪ್ಯಾಕೇಜಿನ ಬೆಲೆಯ ಮೇಲೆ ಶೇ. 20 ಟಿಪ್ಸ್ ಮುಂಚೆಯೇ ವಸೂಲಿ ಮಾಡೋ ಐಡಿಯಾ. ಉಚಿತಕ್ಕೂ ಒಂದು ಬೆಲೆ ಇರೋದು ಗೊತ್ತು, ಇವರು ಅದನ್ನ ಬಿಲ್ಲಿನಲ್ಲೇ ಬರೀತಾರೆ.

ಇನ್ನು ಪ್ಯಾಕೇಜು ಕುಡಿತಕ್ಕೆ ಏನು ಮಾಡುತ್ತೆ ಅನ್ನೋದು. ನಮ್ಮೂರು ಅರಸೀಕೆರೆ ಕಡೆ, ಕುಡುಕರನ್ನ ಹತ್ತಿರದಿಂದ ನೋಡ್ಕೊಂಡೇ ಬೆಳೆದವನು ನಾನು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸೋ ಹೊತ್ತಿಗೆ ಪ್ಯಾಕೆಟ್ಟು ಎಷ್ಟು ಮನೆ ತೊಳೆದಿತ್ತು ಅಂತ ಗೊತ್ತು, ಹಾಗಾಗಿ ಹಳ್ಳಿಯ ಕುಡಿತ ಚಂದ ಅಂತ ಹೇಳಲ್ಲ. ಆದರೆ ಅಲ್ಲಿ ಕುಡೀತಿದ್ದಿದ್ದು ಜೇಬು ಖಾಲಿಯಾಗೋವರೆಗೆ. ಇಲ್ಲಿ ಕುಡಿಯೋದು ಜೇಬು ಆಗಲೇ ಖಾಲಿಯಾಗಿದೆ ಅಂತ. ಬೆಳಗ್ಗೆ ಹತ್ತಕ್ಕೆ ದೋಸೆ ಬೇಕೆನಿಸೋ ಹೊತ್ತಿನಲ್ಲಿ ಜನ ‘ಮೂರಾಯ್ತು’ ಅಂತ ಎಣಿಸ್ತಿರ್ತಾರೆ. ಲಿಫ್ಟಿನ ಪಕ್ಕ, ಮೆಟ್ಟಿಲ ಮೇಲೆ ಅರ್ಧ ಕುಡಿದಿಟ್ಟ ಗ್ಲಾಸುಗಳು. ರುಚಿ ಹಿಡಿಸಲಿಲ್ಲ, ಇಟ್ಟರು, ಇನ್ನೊಂದು ತಂದರು. ವೈನ್ ಶಾಪಿನ ಕೌಂಟರಿನಲ್ಲಿ ನಿಂತು ನೈಂಟಿಯನ್ನ ಮೂರು ಗುಟುಕು ಮಾಡೋ ನಮ್ಮೂರಿನವರು ಇದನ್ನ ನೋಡಿದ್ರೆ ಎದೆ ಒಡ್ಕೊಳ್ತಿದ್ರು.

ಬಾರಿಗೂ ಇದು ಒಳ್ಳೇದು ಮಾಡಿಲ್ಲ. ಮಧ್ಯಾಹ್ನ ಈಜುಕೊಳದ ಪಕ್ಕದ ಬಾರಿನಲ್ಲಿ ಕೊಡೋದು ಕಾಕ್‌ಟೇಲಲ್ಲ, ಶರಬತ್ತು. ಕಂಠಮಟ್ಟ ಐಸು, ರೆಡಿಮೇಡ್ ಸಿಹಿ ಮಿಕ್ಸು, ಪ್ಲಾಸ್ಟಿಕ್ ಗ್ಲಾಸು. ಯಾರೂ ವಾಪಸ್ ಕಳಿಸಲ್ಲ, ಯಾಕಂದ್ರೆ ಯಾರೂ ಆ ಗ್ಲಾಸಿಗೆ ಅಂತ ದುಡ್ಡು ಕೊಟ್ಟಿಲ್ಲ. ಹಾಗಂತ ಹಡಗಿನಲ್ಲಿ ಕೈ ತಿಳಿದವರು ಇಲ್ಲ ಅಂತಲ್ಲ. ಥಿಯೇಟರಿನ ಹಿಂದೆ ಒಂದು ಸಣ್ಣ ಬಾರಿತ್ತು, ರಾತ್ರಿ ಹತ್ತರ ಮೇಲೆ ನಾಲ್ಕೈದು ಜನ. ನಾವಿಬ್ಬರೂ ಕನ್ನಡದಲ್ಲಿ ಮಾತಾಡೋದು ಕೇಳಿ ಒಳಗಿದ್ದವರು, “ಊರಲ್ಲಿ ಎಲ್ಲಾಯ್ತು ಸರ್?” ಅಂದ್ರು. ಕುಂದಾಪುರದ ಕಡೆಯವರು. ಕರಾವಳಿಯವರು ಹಡಗಿನ ಕೆಲಸಕ್ಕೆ ಹೋಗೋದು ಹೊಸದೇನಲ್ಲ, ಆದ್ರೂ ಖುಷಿಯಾಯ್ತು. ಅವರು ಮಾಡಿದ ವಿಸ್ಕಿ ಸೋರ್‌ನಲ್ಲಿ ನಿಂಬೆ ಆಗಷ್ಟೇ ಹಿಂಡಿದ್ದು, ಸಿಹಿ ಹಿಡಿತದಲ್ಲಿತ್ತು, ಶೇಕರ್ ಅಲ್ಲಾಡಿಸೋದರಲ್ಲಿ ಅವಸರ ಇರಲಿಲ್ಲ. ಇವಳಿಗೆ ಕೇಳದೇ ಶುಂಠಿ, ಪುದೀನ ಹಾಕಿ ಸೋಡಾ ಮಾಡಿಕೊಟ್ರು. ಮೇಲಿನ ಬಾರಿನಲ್ಲಿ ಯಾಕೆ ಹೀಗಿರಲ್ಲ ಅಂತ ಕೇಳಿದೆ. “ಅಲ್ಲಿ ಲೈನ್ ನಿಲ್ಲುದಿಲ್ಲ ಸರ್. ಪ್ಯಾಕೇಜಿನವರು ರುಚಿ ಎಂತ ನೋಡುದಿಲ್ಲ, ಲೆಕ್ಕ ನೋಡ್ತಾರೆ.”

ಎಂಟು ತಿಂಗಳ ಕಾಂಟ್ರ್ಯಾಕ್ಟಂತೆ, ಮಗಳು ಒಂದನೇ ಕ್ಲಾಸಿಗೆ ಸೇರಿದ್ದನ್ನ ವಿಡಿಯೋ ಕಾಲಿನಲ್ಲಿ ನೋಡಿದ್ರಂತೆ. ನಾವಿಕರ ಕೆಲಸದ ಬಗ್ಗೆ 2006ರ ಅಂತಾರಾಷ್ಟ್ರೀಯ ಒಪ್ಪಂದವೊಂದಿದೆ. ಅದರ ಪ್ರಕಾರ ಏಳು ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ವಾರಕ್ಕೆ ಇರೋದು 168 ಗಂಟೆ, ಕಳೆದು ನೋಡ್ಕೊಳ್ಳಿ. ನಮ್ಮ ರಿಲೀಸ್ ವೀಕೆಂಡ್ ಗೋಳಾಟ ಅಲ್ಲಿ ನೆನೆಸ್ಕೊಳ್ಳೋಕೂ ನಾಚಿಕೆ. ಕೊನೆಯಲ್ಲಿ ಕೈಗೆ ಬರೋ ಚೀಟಿಯಲ್ಲಿ ಶೇ. 18 ಅಂತ ಅಚ್ಚಾಗಿರುತ್ತೆ. ಅದರಲ್ಲಿ ಈ ಶೇಕರ್ ಹಿಡಿದ ಕೈಗೆ ಎಷ್ಟು ಅಂತ ಬರೆದಿರಲ್ಲ. ಕೆಳಗೆ ‘ಹೆಚ್ಚುವರಿ ಟಿಪ್ಸ್’ ಅಂತ ಒಂದು ಖಾಲಿ ಗೆರೆ ಇರುತ್ತೆ, ತುಂಬಿ. ನಗದು ಕೊಟ್ರೆ ಇನ್ನೂ ವಾಸಿ.

ಕಂಪನಿಗಳಿಗೆ ನಾನು ಕೇಳೋದು ಇಷ್ಟೇ: ತಲೆಗೆ ಮಾರಿ, ದಿನಕ್ಕೆ ಮಾರಿ. ಸಾಫ್ಟ್‌ವೇರು ನಿಮ್ಮ ಹತ್ತಿರ ಆಗಲೇ ಇದೆ. ಅಲ್ಲಿವರೆಗೆ ಹೋಗೋರಿಗೆ ಒಂದು ಮಾತು. ಕಾರ್ನಿವಲ್, ರಾಯಲ್ ಕೆರಿಬಿಯನ್ ಎರಡರಲ್ಲೂ ಹಡಗು ಹತ್ತೋ ದಿನ ವಯಸ್ಕರು ತಲೆಗೊಂದು 750 ಎಂಎಲ್ ವೈನ್ ಬಾಟ್ಲಿ ತರಬಹುದು. ಕುಡಿಯದ ಹೆಂಡತಿಯನ್ನೂ ಒಂದು ತಲೆ ಅಂತ ಎಣಿಸೋದು ನಮಗೆ ಲಾಭ ಆಗೋದು ಅಲ್ಲಿ ಮಾತ್ರ.